‘ಮಾತು ಬಂದ ಮೇಲೆ ಕರೆತನ್ನಿ’ ಅಂದರು

ಪ್ರಶ್ನೆ: ಅಕ್ಕಾ, ನನ್ನ ಮಗನಿಗೆ ಮೇ ತಿಂಗಳಿಗೆ ಆರು ತುಂಬುತ್ತದೆ. ಆಟಿಸಂ ಇದೆ ಎಂದು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಹೇಳಿದ್ದಾರೆ. ಐದಾರು ಪದ ಬಿಟ್ಟರೆ ಮಾತಿಲ್ಲ. ಮಿಕ್ಸಿ ಶಬ್ದಕ್ಕೂ ಕಿವಿ ಮುಚ್ಚಿಕೊಳ್ಳುತ್ತಾನೆ. ಪಕ್ಕದೂರಿನ ಖಾಸಗಿ ಶಾಲೆಯವರು ಮಾತು ಬಂದ ಮೇಲೆ ಕರೆತನ್ನಿ ಎಂದು ಕಳಿಸಿಬಿಟ್ಟರು. ಇನ್ನೊಂದು ವರ್ಷ ಮನೆಯಲ್ಲೇ ಇರಲಿ ಅನ್ನುತ್ತಾರೆ ಅತ್ತೆ. ನಮ್ಮೂರ ಸರ್ಕಾರಿ ಶಾಲೆಗೆ ಸೇರಿಸಲೇ? ಇಲ್ಲಾ, ಅಆಇಈ ಕಲಿಸಿಕೊಂಡು ಮುಂದಿನ ವರ್ಷ ಕಳಿಸಲೇ?
– ಒಬ್ಬ ತಾಯಿ, ತಿಪಟೂರು ತಾಲ್ಲೂಕು

ಉತ್ತರ: ಈ ಜೂನ್‌ನಲ್ಲೇ ಸೇರಿಸಿ ತಾಯಿ. ಮಾತು ಬಂದ ಮೇಲೆ ಶಾಲೆ ಅನ್ನುವುದು ತಿರುಗಾಮುರುಗಾ ಲೆಕ್ಕ. ನಾಲ್ಕು ಮಕ್ಕಳ ನಡುವೆ ಕೂತರೆ ತಾನೇ ಮಾತಿಗೆ ಕೆಲಸ ಸಿಗುವುದು? ಮೈಸೂರಿನ ಥೆರಪಿ ಜೊತೆಗೇ ನಡೆಯಲಿ.

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ, ಸೇರಿಸಿಕೊಳ್ಳುವ ಮೊದಲು ಮಗುವನ್ನಾಗಲಿ ಹೆತ್ತವರನ್ನಾಗಲಿ ಪರೀಕ್ಷೆ ಮಾಡುವ ಹಾಗಿಲ್ಲ. ಶೇ 40 ಅಥವಾ ಅದಕ್ಕಿಂತ ಜಾಸ್ತಿ ನ್ಯೂನತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ, ಬೇಕೆಂದರೆ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೊಟ್ಟಿದೆ. ಖಾಸಗಿಯವರ ಜೊತೆ ನೀವು ಜಗಳಕ್ಕೂ ಹೋಗಬಹುದು. ಆದರೆ ಬೇಡ ಅಂದವರ ಕೈಗೆ ಇಂಥ ಮಗುವನ್ನು ಒಪ್ಪಿಸಲು ನನಗಂತೂ ಮನಸ್ಸಾಗುವುದಿಲ್ಲ.

ನಿಮ್ಮೂರ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿವರೆಗೆ ನಲಿಕಲಿ ಇರುತ್ತದೆ. ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತಾರೆ. ನಿಮ್ಮ ಮಗ ಒಂದೇ ಮೆಟ್ಟಿಲಲ್ಲಿ ತಿಂಗಳುಗಟ್ಟಲೆ ನಿಂತರೂ ಯಾರ ಕಣ್ಣಿಗೂ ಕುಕ್ಕುವುದಿಲ್ಲ. ತೊಂದರೆ ಅಂದರೆ ಗಲಾಟೆ. ಅದಿಲ್ಲದ ನಲಿಕಲಿ ಕೊಠಡಿಯೇ ಇಲ್ಲ! ಗೋಡೆ ಪಕ್ಕ, ಬಾಗಿಲ ಹತ್ತಿರ, ದಿನಾ ಅದೇ ಜಾಗ ಕೊಡಿ ಎಂದು ಟೀಚರನ್ನು ಕೇಳಿಕೊಳ್ಳಿ. ಗಲಾಟೆ ತಡೆಯಲಾಗದಿದ್ದರೆ ಎದ್ದು ಜಗಲಿಗೆ ಹೋಗಲು ಬಿಡಲಿ.

ಅಆಇಈ ಬಿಡಿ, ಅದಕ್ಕೆ ಟೀಚರಿದ್ದಾರೆ. ಏಪ್ರಿಲ್, ಮೇನಲ್ಲಿ ನಿಮ್ಮ ಕೆಲಸ ಬೇರೆ. ಚಡ್ಡಿ ತಾನೇ ಬಿಚ್ಚಿ ಹಾಕಿಕೊಳ್ಳುವುದನ್ನು ಕಲಿಸಿ. ಗುಂಡಿ, ಜಿಪ್ ಬೇಡ, ಎಲಾಸ್ಟಿಕ್ ಹಾಕಿಸಿ. ಒಂದಕ್ಕೆ ಬಂದರೆ ಕಿರುಬೆರಳು ತೋರಿಸುವುದು ರೂಢಿಯಾಗಲಿ. ಮಾತು ಬರುವ ಮಕ್ಕಳೂ ಶಾಲೆಯಲ್ಲಿ ಹಾಗೇ ಕೇಳುವುದು, ಅಲ್ವಾ? ನೆಲದ ಮೇಲೆ ಕೂತು ಸ್ಟೀಲ್ ತಟ್ಟೆಯಲ್ಲಿ ಊಟ ಮಾಡಿಸಿ. ಬಿಸಿಯೂಟದ ಸಾಂಬಾರ್ ವಾಸನೆಯೇ ಆಗದಿದ್ದರೆ, ಮನೆಯಿಂದ ಮೊಸರನ್ನದ ಡಬ್ಬಿ ಕಳಿಸುತ್ತೇನೆಂದು ಹೆಡ್‌ಮಾಸ್ಟರಿಗೆ ಮೊದಲೇ ಹೇಳಿ.

ಆಮೇಲೆ ಗಂಟೆ. ಎಷ್ಟೋ ಶಾಲೆಗಳಲ್ಲಿ ರೈಲು ಕಂಬಿಯ ತುಂಡಿಗೇ ಬಾರಿಸುತ್ತಾರೆ. ಕಿವಿ ಮುಚ್ಚುವ ಮಗುವಿಗೆ ಅದು ಸಣ್ಣ ಸಂಗತಿಯಲ್ಲ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ಮೆಲ್ಲಗೆ ಕೇಳಿಸಿ, ಅವನು ಆಡುತ್ತಿರುವಾಗ. ದಿನ ಕಳೆದ ಹಾಗೆ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ. ರಜೆಯಲ್ಲಿ ಖಾಲಿ ಶಾಲೆಗೆ ಕರೆದುಕೊಂಡು ಹೋಗಿ, ಅವನ ಕೈಯಲ್ಲೇ ಒಮ್ಮೆ ಬಾರಿಸಿ. ಎಲ್ಲಿಂದಲೋ ಬಂದೆರಗುವ ಸದ್ದಿಗಿಂತ ತಾನೇ ಮಾಡಿದ ಸದ್ದನ್ನು ಈ ಮಕ್ಕಳು ಸಾಮಾನ್ಯವಾಗಿ ಚೆನ್ನಾಗಿ ತಾಳಿಕೊಳ್ಳುತ್ತಾರೆ. ಶೌಚಾಲಯ, ನಲ್ಲಿ ಎಲ್ಲಿವೆ ಎಂದೂ ಅವತ್ತೇ ತೋರಿಸಿ.

ಟೀಚರಿಂದ ಏನೂ ಮುಚ್ಚಿಡಬೇಡಿ. ಒಂದು ಹಾಳೆಯಲ್ಲಿ ಬರೆದುಕೊಡಿ: ಯಾವುದಕ್ಕೆ ಹೆದರುತ್ತಾನೆ, ಯಾವುದಕ್ಕೆ ನಗುತ್ತಾನೆ, ಅಳುವಾಗ ಮುಟ್ಟಬೇಕೋ ಸುಮ್ನೆ ಬಿಡಬೇಕೋ. ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿಯಲ್ಲಿ ಬಿಐಇಆರ್‌ಟಿ ಅಂತ ಇರುತ್ತಾರೆ, ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಸಂಪನ್ಮೂಲ ಶಿಕ್ಷಕರು. ನಾನೂ ಅದೇ ಕೆಲಸದಲ್ಲಿದ್ದವಳು. ಒಬ್ಬೊಬ್ಬರ ತಲೆ ಮೇಲೆ ಹತ್ತಾರು ಶಾಲೆ. ಬರುತ್ತಾರೆಂದು ಕಾಯದೆ ನೀವೇ ಹೋಗಿ ಕಾಣಿ. ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಆಗಿಲ್ಲದಿದ್ದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಾದ ವಿಆರ್‌ಡಬ್ಲ್ಯು ಅವರನ್ನು ಕೇಳಿ, ಅರ್ಜಿಗೆ ನೆರವಾಗುತ್ತಾರೆ. ಕಾರ್ಡ್ ಬರಲಿ ಎಂದು ದಾಖಲಾತಿ ನಿಲ್ಲಿಸಬೇಡಿ.

ಇನ್ನು ಅತ್ತೆ. ಮಕ್ಕಳು ಅಣಕಿಸುತ್ತಾರೆ ಅನ್ನುವ ಭಯ ಅವರಿಗಿರಬೇಕು. ವಾದ ಬೇಡ. ಬೆಳಿಗ್ಗೆ ಮೊಮ್ಮಗನನ್ನು ಶಾಲೆಗೆ ಬಿಟ್ಟುಬರುವ ಕೆಲಸ ಅವರಿಗೇ ಕೊಡಿ, ಕಣ್ಣಾರೆ ನೋಡಲಿ. ಮೊದಲ ಕೆಲವು ದಿನ ಊಟದ ಹೊತ್ತಿನವರೆಗೆ ಇದ್ದರೆ ಸಾಕು, ಹೆಡ್‌ಮಾಸ್ಟರ್ ಜೊತೆ ಮಾತಾಡಿಕೊಳ್ಳಿ. ನೀವು ಮಾತ್ರ ತರಗತಿಯೊಳಗೆ ಅವನ ಪಕ್ಕ ಕೂರಬೇಡಿ. ಒಮ್ಮೆ ಕೂತಿರೋ, ದಸರಾ ರಜೆ ಬಂದರೂ ಅವನು ನಿಮ್ಮನ್ನು ಏಳಲು ಬಿಡುವುದಿಲ್ಲ.