ಮಿಚೆಲ್ಸ್ ಸೇಟರ್ ಹೌದೋ ಅಲ್ಲವೋ?

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕದ ಮಿಶಿಗನ್‌ಗೆ ಬಂದಿದ್ದೇನೆ. ಜೂನ್ ಮೊದಲ ವಾರ ಕಾಡಂಚಿನಲ್ಲಿ ಪುಟ್ಟ ಕಂದು ಚಿಟ್ಟೆಯೊಂದು ರೆಕ್ಕೆ ಬಿಚ್ಚಿ ಕೂತಿತ್ತು. ಮೇಲೆ ಕಣ್ಣಿನಂಥ ಚುಕ್ಕೆಗಳಿದ್ದವು. ಇಲ್ಲಿ ಅಪರೂಪದ ಮಿಚೆಲ್ಸ್ ಸೇಟರ್ ಇದೆಯಂತೆ, ಇದು ಅದೇನಾ? ಅಲ್ಲವಾದರೆ ಅದನ್ನು ಹುಡುಕುವುದು ಹೇಗೆ?

ಉತ್ತರ: ಬೇಜಾರಾಗಬೇಡಿ, ಇದು ಅದಲ್ಲ. ರೆಕ್ಕೆ ಬಿಚ್ಚಿದಾಗ ಚುಕ್ಕೆ ಕಂಡಿತು ಅಂದಿರಲ್ಲ, ಅಷ್ಟು ಸಾಕು. ಮಿಚೆಲ್ಸ್ ಸೇಟರ್‌ನ ರೆಕ್ಕೆಯ ಮೇಲ್ಭಾಗ ಬರೀ ಕಂದು, ಚುಕ್ಕೆ ಇರುವುದಿಲ್ಲ. ಅದರ ಅಂದವೆಲ್ಲ ಅಡಿಯಲ್ಲಿದೆ, ರೆಕ್ಕೆ ಮಡಚಿ ಕೂತಾಗಲೇ ಕಾಣುವುದು: ಸಾಲಾಗಿ ಕಪ್ಪು ಚುಕ್ಕೆಗಳು, ಒಂದೊಂದರ ಸುತ್ತಲೂ ಹಳದಿ ಉಂಗುರ, ಕಪ್ಪಿನೊಳಗೆ ಬೆಳ್ಳಿಯ ಹೊಳಪು, ಅಂಚಿನತ್ತ ಕಿತ್ತಳೆ ಗೆರೆಗಳು. ನಿಮಗೆ ಸಿಕ್ಕಿದ್ದು ಬಹುಶಃ ಲಿಟಲ್ ವುಡ್ ಸೇಟರ್. ಅದಕ್ಕೆ ಎರಡೂ ಬದಿ ಚುಕ್ಕೆ. ಕಾಡಂಚೇ ಅದರ ಜಾಗ. ಐಡ್ ಬ್ರೌನ್ ಅನ್ನುವ ಇನ್ನೊಂದು ಚಿಟ್ಟೆ ಮಿಚೆಲ್ಸ್ ಸೇಟರ್‌ನಂತೆ ಜೌಗಿನಲ್ಲೇ ಸಿಗುವುದರಿಂದ ಜಾಸ್ತಿ ಗೊಂದಲ ಅದರಿಂದಲೇ. ಆದರೆ ಅದು ದೊಡ್ಡದು, ಬಣ್ಣ ತಿಳಿ, ಹಿಂದಿನ ರೆಕ್ಕೆಯ ಅಡಿಯಲ್ಲಿ ಗರಗಸದ ಹಲ್ಲಿನಂತೆ ಅಂಕುಡೊಂಕು ಗೆರೆ.

ಜುಲೈವರೆಗೂ ಅಲ್ಲೇ ಇರುತ್ತೀರಾದರೆ ಹುಡುಕಬಹುದು. ಮಿಚೆಲ್ಸ್ ಸೇಟರ್ ಹಾರುವುದೇ ಜೂನ್ ಕೊನೆಯಿಂದ ಜುಲೈ ಮಧ್ಯದವರೆಗೆ. ಜಾಗವೂ ಎಲ್ಲೆಂದರಲ್ಲಿ ಅಲ್ಲ, ಸುಣ್ಣದ ಅಂಶವಿರುವ ಅಂತರ್ಜಲ ಜಿನುಗುತ್ತಾ ನೆಲ ಸದಾ ಹಸಿಯಾಗಿರುವ, ಸೆಜ್ ಎಂಬ ಜೇಕಿನಂಥ ಹುಲ್ಲು ದಟ್ಟವಾಗಿ ಬೆಳೆದಿರುವ ಫೆನ್ ಎಂಬ ಜೌಗು ನೆಲಗಳೇ ಆಗಬೇಕು. ಮರಿಹುಳು ತಿನ್ನುವುದು ಆ ಹುಲ್ಲನ್ನೇ. ಹೂವಿನ ಹತ್ತಿರ ಸುಮ್ನೆ ಕಾಯಬೇಡಿ, ಇದು ಹೂವಿಗೆ ಬರುವುದೇ ಕಡಿಮೆ. ಹುಲ್ಲಿನ ಮಟ್ಟದಲ್ಲೇ ಏಳುತ್ತಾ ಬೀಳುತ್ತಾ ನಿಧಾನಕ್ಕೆ ಹೋಗುತ್ತದೆ. ಟ್ಯಾಮರ್ಯಾಕ್ ಮರಗಳು, ಪೊದೆಗಳು ಇರುವ ಅಂಚಿನಲ್ಲಿ ಕಣ್ಣಿಡಿ.

ಹಲಗೆ ದಾರಿ ಬಿಟ್ಟು ಮಾತ್ರ ಇಳಿಯಬೇಡಿ. ಮೊಟ್ಟೆ ನೆಲಕ್ಕಂಟಿದ ಪುಟ್ಟ ಗಿಡಗಳಲ್ಲಿರುತ್ತದೆ, ತುಳಿದರೆ ಹೋಯಿತು. ನಿಮಗೂ ಒಳ್ಳೆಯದಲ್ಲ: ಮೈಗೆ ತಾಗಿದರೆ ಬೊಬ್ಬೆ ಏಳಿಸುವ ಪಾಯಿಸನ್ ಸುಮ್ಯಾಕ್ ಎಂಬ ಗಿಡ ಇಂಥ ಕಡೆಯೇ ಬೆಳೆಯುತ್ತದೆ. ಮಸಸಾಗ ಎಂಬ ವಿಷದ ಹಾವೂ ಇರಬಹುದು.

ಬಲೆ ಬೇಡವೇ ಬೇಡ. ಈ ಚಿಟ್ಟೆ 1990ರ ದಶಕದ ಆರಂಭದಿಂದ ಅಲ್ಲಿನ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ, ಹಿಡಿಯುವುದು ಅಪರಾಧ. ಸಾಧ್ಯವಾದರೆ ರೆಕ್ಕೆಯ ಎರಡೂ ಬದಿಯ ಫೋಟೊ ತೆಗೆಯಿರಿ. ಆ ಚಿತ್ರದ ಜೊತೆ ಜಾಗದ ಗುರುತನ್ನು ಊರಿಗೆಲ್ಲ ಸಾರಬೇಡಿ, ಅಲ್ಲಿನ ವನ್ಯಜೀವಿ ಇಲಾಖೆಗೆ ಮಾತ್ರ ತಿಳಿಸಿ. ನ್ಯೂಜೆರ್ಸಿಯಲ್ಲಿ ಈ ಚಿಟ್ಟೆ ಇಲ್ಲವಾದದ್ದರಲ್ಲಿ ಹಿಡಿದು ಸಂಗ್ರಹಿಸುವ ಶೋಕಿಯವರ ಪಾಲೂ ಇದೆ ಅಂತಾರೆ.