ಆ ಎಂಟು ಜನರಲ್ಲಿ ನಾನಿದ್ದರೆ?

ನಾನು ಆಪ್ತಸಲಹೆಗಾರ್ತಿ. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರು ನನ್ನ ಹತ್ತಿರ ಬರುವಾಗ ಮನೆಯವರೇ 'ಡಿಪ್ರೆಶನ್' ಅಂತ ತೀರ್ಮಾನಿಸಿ ಕಳಿಸಿರುತ್ತಾರೆ. ನಿಧಾನವಾಗಿ ವಿಚಾರಿಸಿದರೆ ಪರ್ಸಿನಿಂದ, ಈ ವಯಸ್ಸಿನ ಬಿಸಿ-ಬೆವರು ತಗ್ಗಿಸಲು ಕೊಡುವ ಹಾರ್ಮೋನ್ ಮಾತ್ರೆಯ ಚೀಟಿ ಹೊರಬರುತ್ತದೆ. ಡಾಕ್ಟರು ಬರೆದುಕೊಟ್ಟು ತಿಂಗಳುಗಳಾಗಿರುತ್ತವೆ, ಮಾತ್ರೆ ಕೊಂಡಿರುವುದಿಲ್ಲ. ಇದು ಮತ್ತೆ ಮತ್ತೆ ಆಗುವುದರಿಂದಲೇ ಬರೆಯುತ್ತಿದ್ದೇನೆ. ಗುರುತಿನ ವಿವರಗಳನ್ನು ಬದಲಿಸಿದ್ದೇನೆ.

ಸುಮಾ ಎಂದು ಕರೆಯೋಣ. 51 ವರ್ಷ, ಬ್ಯಾಂಕ್ ಕೆಲಸ. ಕೌಂಟರಿನಲ್ಲಿ ಕೂತಾಗಲೇ ಮೈಯೆಲ್ಲ ಬಿಸಿಯೇರಿ ಬೆವರುತ್ತಿತ್ತು. ರಾತ್ರಿ ನಿದ್ದೆ ಇಲ್ಲ, ಮನೆಯಲ್ಲಿ ಸಿಡುಕು.

"ಮಾತ್ರೆ ತಗೊಂಡ್ರೆ ನೂರಕ್ಕೆ ಇಪ್ಪತ್ತಾರು ಜನಕ್ಕೆ ಸ್ತನ ಕ್ಯಾನ್ಸರ್ ಬರುತ್ತಂತೆ ಮೇಡಂ. ಮಗಳು ಕಳಿಸಿದಳು, ಓದಿದೆ" ಎಂದರು.

ಆ 26 ಸುಳ್ಳಲ್ಲ. 2002ರಲ್ಲಿ ಅಮೆರಿಕದ 'ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್' ಅಧ್ಯಯನದಿಂದ ಬಂದದ್ದು. ಆದರೆ ಅದು ನೂರು ಜನರಲ್ಲಿ 26 ಅಲ್ಲ, ಮೊದಲೇ ಇದ್ದ ಅಪಾಯದ ಮೇಲೆ ಶೇ. 26 ಹೆಚ್ಚು. ಕಾಗದದ ಮೇಲೆ ಬರೆದು ತೋರಿಸಿದೆ. ಹೋಲಿಕೆಗಾಗಿ ಔಷಧವಿಲ್ಲದ ಹುಸಿ ಮಾತ್ರೆ ತೆಗೆದುಕೊಂಡ 10,000 ಹೆಂಗಸರಲ್ಲಿ ಒಂದು ವರ್ಷಕ್ಕೆ 30 ಮಂದಿಗೆ ಸ್ತನ ಕ್ಯಾನ್ಸರ್. ಈಸ್ಟ್ರೋಜೆನ್, ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನು ಸೇರಿದ ಮಾತ್ರೆ ತೆಗೆದುಕೊಂಡವರಲ್ಲಿ 38. ಹೆಚ್ಚಾದದ್ದು 8. ಪಾರ್ಶ್ವವಾಯು ಕೂಡ 8 ಹೆಚ್ಚು, ಸೊಂಟದ ಮೂಳೆ ಮುರಿತ 5 ಕಡಿಮೆ.

ಇನ್ನೊಂದು ವಿಷಯ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಆ ಅಧ್ಯಯನ ಬಿಸಿ-ಬೆವರಿನ ಚಿಕಿತ್ಸೆಯ ಬಗ್ಗೆ ಅಲ್ಲವೇ ಅಲ್ಲ. ವಯಸ್ಸಾದ ಆರೋಗ್ಯವಂತ ಹೆಂಗಸರಿಗೆ ಹಾರ್ಮೋನ್ ಕೊಟ್ಟರೆ ಹೃದಯದ ಕಾಯಿಲೆ ತಡೆಯಬಹುದೇ ಎನ್ನುವುದು ಮುಖ್ಯ ಪ್ರಶ್ನೆಯಾಗಿತ್ತು. ಭಾಗವಹಿಸಿದವರ ಸರಾಸರಿ ವಯಸ್ಸು 63. ಹೃದಯ ಕಾಯಲು ಇದು ಬೇಡ ಎಂಬ ಉತ್ತರ ಸಿಕ್ಕಿತು. ರಾತ್ರಿಯೆಲ್ಲ ಎದ್ದು ಕೂರುವ 51ರ ಸುಮಾ ಅವರ ಪ್ರಶ್ನೆಯೇ ಬೇರೆ, ಅಲ್ವಾ?

ಅವರು ಕಾಗದವನ್ನು ತುಂಬಾ ಹೊತ್ತು ನೋಡಿದರು. "ಸರಿ ಮೇಡಂ. ಆದ್ರೆ ಆ ಎಂಟು ಜನರಲ್ಲಿ ನಾನಿದ್ದರೆ?"

ಇಲ್ಲಿ ಸುಮ್ನೆ ಸಮಾಧಾನ ಹೇಳುವುದು ಸುಲಭ. "ನಿಮಗೇನೂ ಆಗಲ್ಲ" ಎಂದರೆ ಅದು ಸುಳ್ಳು. ನಾನು ಹೇಳಿದ್ದು ಇಷ್ಟು: "ಇರಬಹುದು. ಅದನ್ನು ಯಾವ ಅಧ್ಯಯನವೂ ಮೊದಲೇ ಹೇಳಲಾರದು. ಮಾತ್ರೆ ಬಿಟ್ಟರೂ ಆ ಮೂವತ್ತರಲ್ಲಿ ನೀವಿಲ್ಲ ಅಂತ ಹೇಳೋಕಾಗಲ್ಲ. ಎಷ್ಟು ಅಪಾಯಕ್ಕೆ ಎಷ್ಟು ನೆಮ್ಮದಿ ಸಾಕು, ಅದನ್ನು ತೂಗಬೇಕಾದವರು ನೀವು."

ಅವರು ಅತ್ತರು. ನಿದ್ದೆ ಬೇಕು ಅಂತ ಕೇಳುವುದೇ ಸ್ವಾರ್ಥ ಅನ್ನಿಸುತ್ತಿತ್ತಂತೆ. ಮನೆಯವರೆಲ್ಲ "ಸ್ವಲ್ಪ ದಿನ ತಡ್ಕೋ" ಎಂದಿದ್ದರು.

ಆಪ್ತಸಲಹೆಗಾರರು ಔಷಧದ ಲೆಕ್ಕಕ್ಕೆ ಕೈ ಹಾಕಬಾರದು ಎಂದು ಜೊತೆಯವರೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ತಪ್ಪು ಲೆಕ್ಕದ ಮೇಲೆ ಭಯ ಕೂತಿರುವಾಗ ಬರೀ ಭಯದ ಬಗ್ಗೆ ಮಾತಾಡಿ ಏನು ಪ್ರಯೋಜನ? ಮಾತ್ರೆ ತಗೊಳ್ಳಿ, ಬಿಡಿ ಎಂದು ನಾನು ಹೇಳಲಿಲ್ಲ. ಡಾಕ್ಟರ ಹತ್ತಿರ ವಾಪಸ್ ಕಳಿಸಿದೆ, ಕೇಳಬೇಕಾದ್ದನ್ನು ಬರೆಸಿ. ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಆಗಿದ್ದರೆ ಲೆಕ್ಕ ಹೇಗೆ ಬದಲಾಗುತ್ತದೆ? ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದರೆ? ಎಷ್ಟು ಕಾಲ ತಗೊಳ್ಳಬೇಕು, ಯಾವಾಗ ಮತ್ತೆ ಯೋಚಿಸಬೇಕು? ಹಾರ್ಮೋನ್ ಇಲ್ಲದ ಔಷಧ ಇದೆಯೇ? ಗರ್ಭಕೋಶ ತೆಗೆಸಿಕೊಂಡವರು ತಮ್ಮ ಮಾತ್ರೆಯಲ್ಲಿ ಯಾವ ಹಾರ್ಮೋನು ಇದೆ ಎಂದೂ ಕೇಳಲೇಬೇಕು. ಅವರಿಗೆ ಸಾಮಾನ್ಯವಾಗಿ ಕೊಡುವುದು ಈಸ್ಟ್ರೋಜೆನ್ ಮಾತ್ರ. ಅದೇ ಅಧ್ಯಯನದ ಆ ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಲಿಲ್ಲ.

ಸುಮಾ ಮ್ಯಾಮೋಗ್ರಾಮ್ (ಸ್ತನದ ಎಕ್ಸ್-ರೇ) ಮಾಡಿಸಿ, ವರ್ಷಕ್ಕೊಮ್ಮೆ ಮರುಪರಿಶೀಲನೆ ಎಂಬ ಮಾತಿನ ಮೇಲೆ ಮಾತ್ರೆ ಶುರು ಮಾಡಿದರು. ಇದೇ ಅಂಕಿ ನೋಡಿದ ಇನ್ನೊಬ್ಬರು, ಅಕ್ಕನನ್ನು ಸ್ತನ ಕ್ಯಾನ್ಸರಿಗೆ ಕಳೆದುಕೊಂಡವರು, ಬೇಡವೆಂದರು. ಅವರ ಡಾಕ್ಟರು ಹಾರ್ಮೋನ್ ಇಲ್ಲದ ಔಷಧ ಬರೆದುಕೊಟ್ಟಿದ್ದಾರೆ.