ಮನೆ ಸಾಲ ಮೊದಲು, ಬಾಗಿಲಿಗೆ ಬಂದು ಕೂಗುವವರ ಸಾಲ ಆಮೇಲೆ

ಪ್ರಶ್ನೆ: ನಾವು ಶಿಡ್ಲಘಟ್ಟದವರು. ನಮ್ಮ ಮನೆಯವರು ಚರಕ ಇಟ್ಟುಕೊಂಡು ರೇಷ್ಮೆ ನೂಲು ಬಿಚ್ಚುತ್ತಾರೆ. ಬ್ಯಾಂಕಿನಲ್ಲಿ 9 ಲಕ್ಷ ಮನೆ ಸಾಲ ಇದೆ, ತಿಂಗಳಿಗೆ 9,800 ಕಂತು. ಗೂಡು ಕೊಳ್ಳಲು ದುಡ್ಡಿಲ್ಲದೆ ಐದು ರೂಪಾಯಿ ಬಡ್ಡಿಗೆ ಒಂದೂವರೆ ಲಕ್ಷ ಕೈಸಾಲ ಮಾಡಿದೆವು. ಸಂಘದ ಸಾಲ ಎರಡಿವೆ. ಕೈಸಾಲದ ಬಡ್ಡಿ ಹೇಗೋ ಕಟ್ಟುತ್ತಾ ಬಂದಿದ್ದೇವೆ, ಬ್ಯಾಂಕಿನ ಕಂತು ನಾಲ್ಕು ತಿಂಗಳಿಂದ ನಿಂತಿದೆ. ಈಗ 60 ದಿನದಲ್ಲಿ ಪೂರ್ತಿ ಸಾಲ ಕಟ್ಟಿ ಅಂತ ನೋಟಿಸ್ ಬಂದಿದೆ. ‘30 ಸಾವಿರ ಕೊಡಿ, ಎಲ್ಲಾ ಸಾಲ ಅರ್ಧಕ್ಕೆ ಮುಗಿಸಿಕೊಡ್ತೀವಿ, ಅಲ್ಲಿವರೆಗೆ ಬ್ಯಾಂಕಿಗೆ ಕಟ್ಟಬೇಡಿ’ ಅಂತ ಒಬ್ಬರು ಫೋನ್ ಮಾಡುತ್ತಿದ್ದಾರೆ. ಕೈಸಾಲದವರು ‘ಮನೆ ಅಗ್ರಿಮೆಂಟ್ ಮಾಡಿಕೊಡಿ, ಬ್ಯಾಂಕ್ ನಾನು ನೋಡ್ಕೋತೀನಿ’ ಅನ್ನುತ್ತಾರೆ. ಯಾರನ್ನು ನಂಬಬೇಕು?

ಉತ್ತರ: ಅಮ್ಮಾ, ಇವರಿಬ್ಬರನ್ನೂ ನಂಬಬೇಡಿ. ಮನೆ ಉಳಿಸಿಕೊಳ್ಳಲು ನಿಮಗೆ ಇನ್ನೂ ಸಮಯ ಇದೆ.

ಮೊದಲು ಒಂದು ಲೆಕ್ಕ ನೋಡಿ. ಒಂದೂವರೆ ಲಕ್ಷಕ್ಕೆ ಐದು ರೂಪಾಯಿ ಬಡ್ಡಿ ಅಂದರೆ ತಿಂಗಳಿಗೆ 7,500. ನಾಲ್ಕು ತಿಂಗಳಲ್ಲಿ 30,000 ಕೊಟ್ಟಿದ್ದೀರಿ, ಅಸಲು ಒಂದು ರೂಪಾಯಿಯೂ ಇಳಿದಿಲ್ಲ. ಬ್ಯಾಂಕಿನಲ್ಲಿ ನಿಂತಿರುವ ಕಂತು 39,200. ಬಾಗಿಲಿಗೆ ಬಂದು ಕೂಗುವವರಿಗೆ ನಾವು ಮೊದಲು ಕೊಡುತ್ತೇವೆ, ಮರ್ಯಾದೆಯ ಪ್ರಶ್ನೆ ಅಲ್ವಾ? ಆದರೆ ನಿಮ್ಮ ಮನೆಯನ್ನು ಕಾನೂನಿನ ಪ್ರಕಾರ ಹರಾಜಿಗೆ ಇಡಬಲ್ಲವರು ಸದ್ದಿಲ್ಲದೆ ಕಾಗದ ಕಳಿಸಿದ ಬ್ಯಾಂಕಿನವರು. ಇನ್ನು ಮುಂದೆ ಕೈಗೆ ಬಂದ ದುಡ್ಡು ಮೊದಲು ಅಲ್ಲಿಗೇ ಹೋಗಲಿ.

ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿದ್ದಾಗ ಒಬ್ಬ ತಾಯಿ ನೋಟಿಸಿನ ಕವರನ್ನು ಒಡೆಯದೆ ಹಾಗೇ ತಂದಿದ್ದರು. ದೇವರ ಪಟದ ಹಿಂದೆ ಇಟ್ಟಿದ್ದರಂತೆ, ಕವರಿಗೆ ಕುಂಕುಮ ಅಂಟಿತ್ತು. ಒಳಗಿದ್ದ 60 ದಿನದ ಗಡುವು ಯಾವಾಗಲೋ ಮುಗಿದಿತ್ತು. ಆ ಕವರು ಇವತ್ತಿಗೂ ನನ್ನ ಕಣ್ಣ ಮುಂದಿದೆ. ನೀವು ಓದಿದ್ದೀರಿ, ಅದೇ ದೊಡ್ಡದು. ಅಂಚೆಯ ಕವರನ್ನೂ ಬಿಸಾಡಬೇಡಿ, ನೋಟಿಸ್ ಕೈಸೇರಿದ ದಿನ ಯಾವುದು ಅನ್ನುವುದಕ್ಕೆ ಅದು ಬೇಕಾಗುತ್ತದೆ.

ಇದು 2002ರ ಸರ್ಫೇಸಿ ಕಾಯ್ದೆಯ ನೋಟಿಸ್, ಅಂದರೆ ಅಡ ಇಟ್ಟ ಮನೆಯನ್ನು ವಶಕ್ಕೆ ಪಡೆದು ಸಾಲ ವಸೂಲು ಮಾಡಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾನೂನು. ಈ 60 ದಿನದೊಳಗೆ ನಿಮ್ಮ ಕಷ್ಟ, ತಕರಾರು ಎಲ್ಲವನ್ನೂ ಬರೆದು ಕೊಡಬಹುದು. ಬ್ಯಾಂಕ್ 15 ದಿನದಲ್ಲಿ ಬರಹದಲ್ಲೇ ಉತ್ತರ ಕೊಡಬೇಕು. ನೋಟಿಸಿನಲ್ಲಿ ಪೂರ್ತಿ ಸಾಲ ಕೇಳಿದ್ದರೂ ಗಾಬರಿ ಬೇಡ. ನಿಂತಿರುವ ಕಂತು, ಬಡ್ಡಿ ಎಲ್ಲಾ ಬಾಕಿ ಕಟ್ಟಿಬಿಟ್ಟರೆ ಖಾತೆಯನ್ನು ಮತ್ತೆ ಸರಿಯಾದ ಖಾತೆ ಅಂತ ಪರಿಗಣಿಸಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶ ಇದೆ. ಮ್ಯಾನೇಜರ್ ಹತ್ತಿರ ಹೋಗಿ, ‘ಇವತ್ತಿಗೆ ಬಾಕಿ ಎಷ್ಟು, ಅದನ್ನು ಕಟ್ಟಿದರೆ ನೋಟಿಸ್ ನಿಲ್ಲಿಸ್ತೀರಾ, ಅವಧಿ ಜಾಸ್ತಿ ಮಾಡಿ ಕಂತು ಇಳಿಸ್ತೀರಾ’ ಅಂತ ಕೇಳಿ. ಬಾಯಿಮಾತು ಸಾಲದು. ಅರ್ಜಿ ಕೊಟ್ಟು, ಇನ್ನೊಂದು ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳಿ.

ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ಮೊದಲು ಶಿಡ್ಲಘಟ್ಟದ ಕೋರ್ಟಿನಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಲೋಕ ಅದಾಲತ್‌ನಲ್ಲಿ ಬ್ಯಾಂಕಿನ ಜೊತೆ ರಾಜಿಗೆ ಕೂರಿಸಿ ಅಂತಲೂ ಕೇಳಿ. ಆದರೆ ಅಲ್ಲಿ ಒಪ್ಪಿದ್ದೇ ಅಂತಿಮ, ಹಾಗಾಗಿ ಕಟ್ಟಲು ಆಗುವಷ್ಟಕ್ಕೆ ಮಾತ್ರ ತಲೆಯಾಡಿಸಿ. ಒಂದು ವೇಳೆ ಬ್ಯಾಂಕ್ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಂಡರೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು 45 ದಿನ ಇರುತ್ತದೆ.

‘ಕಂತು ಕಟ್ಟಬೇಡಿ’ ಅನ್ನುವವರ ಸುದ್ದಿಗೆ ಹೋಗಲೇಬೇಡಿ. ಮನೆ ಅಡ ಇರುವಾಗ ಕಟ್ಟದೆ ಕೂತರೆ ದಿನಗಳು ಸುಮ್ನೆ ಕಳೆಯುತ್ತವೆ, ಮನೆಯೂ ಹೋಗುತ್ತದೆ, ಆ 30 ಸಾವಿರವೂ ಹೋಗುತ್ತದೆ. ಕಾಗದ ಓದುವ ಮುಂಚೆಯೇ ದುಡ್ಡು ಕೇಳುವವರು ನಿಮ್ಮ ಸಹಾಯಕ್ಕೆ ಬಂದವರಲ್ಲ.

ಅಗ್ರಿಮೆಂಟ್‌ಗೂ ಸಹಿ ಹಾಕಬೇಡಿ, ಖಾಲಿ ಚೆಕ್ಕೂ ಕೊಡಬೇಡಿ. ಒಂದೂವರೆ ಲಕ್ಷದ ಸಾಲ ನಾಳೆ ಕ್ರಯದ ಕರಾರಾಗಿ ಎದ್ದು ನಿಲ್ಲುತ್ತದೆ. ಬಡ್ಡಿ ವ್ಯವಹಾರಕ್ಕೆ ಲೈಸೆನ್ಸ್ ಬೇಕು ಅಂತ ಕಾನೂನೇ ಇದೆ. ಸಾಲಕ್ಕಾಗಿ ಕಿರುಕುಳ ಕೊಡುವವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಹಾಕುವ ಕಾನೂನು 2025ರಲ್ಲಿ ನಮ್ಮ ರಾಜ್ಯದಲ್ಲೇ ಬಂದಿದೆ. ಅವರು ಬೆದರಿಸಿದರೆ ಠಾಣೆಗೆ ಹೋಗಿ. ಅಸಲು ತೀರಿಸುವ ಮಾತನ್ನು ವಕೀಲರ ಮುಂದೆಯೇ ಆಡಿ.

ಸಂಘದವರಿಗೆ ಕಷ್ಟ ಹೇಳಿಕೊಂಡು ಸಮಯ ಕೇಳಿ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಅವರು ವಸೂಲಿಗೆ ಫೋನ್ ಮಾಡುವಂತಿಲ್ಲ.

ಸಮಿತಿಗೆ ಹೋಗುವಾಗ ನೋಟಿಸ್, ಅದರ ಕವರ್, ಸಾಲದ ಪಾಸ್‌ಬುಕ್, ಆಧಾರ್, ಜೊತೆಗೆ ಯಾರಿಗೆ ಎಷ್ಟು ಕೊಡಬೇಕು ಅನ್ನುವ ಪಟ್ಟಿ ಇರಲಿ. ಪಟ್ಟಿಯಲ್ಲಿ ಯಾವ ಸಾಲವನ್ನೂ ಮುಚ್ಚಿಡಬೇಡಿ, ತವರಿನವರಿಂದ ತಂದಿದ್ದರೆ ಅದನ್ನೂ ಬರೆಯಿರಿ. ನಿಮ್ಮ ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.